ರಾಜಮನೆತನಕ್ಕೆ ಪಗಾರ ಯಾರು ಕೊಡಬೇಕು?

ಕಳೆದ ಸಂಚಿಕೆಯಲ್ಲಿ ಗೇಟ್‌ವೇ ಆಫ್ ಇಂಡಿಯಾ ಕಟ್ಟಿಸಿದ ಖರ್ಚಿನ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದು ಅಂದುಕೊಂಡಿರಲಿಲ್ಲ. ರಾಜರಿಗೆ ಸರ್ಕಾರದ ದುಡ್ಡು ಯಾಕೆ, ಎಷ್ಟು, ಎಲ್ಲಿಯವರೆಗೆ ಎಂದು ಮುಂಬಯಿ, ಪುಣೆ, ಗೋವಾ ಮೂರೂ ಕಡೆಯಿಂದ ಕೇಳಿದ್ದೀರಿ. ಈ ಸಲದ ಪುಟ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಎಂದು ಕೆಲವರು ಬರೆದಿದ್ದರಿಂದ ಎಲ್ಲರದೂ ಊರು ಮಾತ್ರ ಕೊಟ್ಟಿದ್ದೇನೆ.

ಅಕ್ಕಾ, ಬ್ರಿಟನ್ ರಾಜನಿಗೆ ತಿಂಗಳ ಪಗಾರ ಇದೆಯಾ? ಲೋಕಲ್‌ನಲ್ಲಿ ನಮ್ಮ ಗುಂಪಿನೊಳಗೆ ದೊಡ್ಡ ವಾದ ಆಯ್ತು. ಒಬ್ಬರು ಜನರ ತೆರಿಗೆ ಹಣ ಅಂತಾರೆ, ಇನ್ನೊಬ್ಬರು ಅದು ಅವರದೇ ಆಸ್ತಿ ಅಂತಾರೆ. ಯಾವುದು ನಿಜ?
– ಡೊಂಬಿವಲಿ

ತಿಂಗಳ ಪಗಾರ ಅಂತ ಇಲ್ಲ. ಇರುವುದು ಸಾವರಿನ್ ಗ್ರಾಂಟ್ ಎಂಬ ವಾರ್ಷಿಕ ಅನುದಾನ. 2011ರಲ್ಲಿ ಇದಕ್ಕೆ ಕಾನೂನು ಮಾಡಿದರು, 2012ರಿಂದ ಜಾರಿಗೆ ಬಂತು. ಅರಮನೆ ನೌಕರರ ಸಂಬಳ, ಅರಮನೆಗಳ ರಿಪೇರಿ, ಅಧಿಕೃತ ಪ್ರಯಾಣ, ಸಮಾರಂಭ, ಇವೆಲ್ಲ ಅದರಲ್ಲಿ ನಡೆಯಬೇಕು. ರಾಜನ ಜೇಬಿಗೆ ಅಂತ ಕೊಡುವ ಹಣ ಅಲ್ಲ ಅದು.

ನಿಮ್ಮ ಗುಂಪಿನ ವಾದಕ್ಕೆ ಉತ್ತರ ಸ್ವಲ್ಪ ಹಿಂದಿನದು. 1760ರಲ್ಲಿ ಮೂರನೇ ಜಾರ್ಜ್ ಪಟ್ಟಕ್ಕೆ ಬಂದಾಗ ಒಂದು ಒಪ್ಪಂದ ಆಯಿತು. ರಾಜಪೀಠಕ್ಕೆ ಸೇರಿದ ಭೂಮಿಯ ಆದಾಯ ಸರ್ಕಾರದ ಖಜಾನೆಗೆ, ಅದಕ್ಕೆ ಬದಲಾಗಿ ರಾಜನಿಗೆ ಪಾರ್ಲಿಮೆಂಟಿನಿಂದ ವರ್ಷಕ್ಕಿಷ್ಟು. ಆ ಆಸ್ತಿಯೇ ಇವತ್ತಿನ ಕ್ರೌನ್ ಎಸ್ಟೇಟ್. ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಅದರದು, ಕಡಲತೀರದಿಂದ 12 ನಾಟಿಕಲ್ ಮೈಲಿಯವರೆಗಿನ ಸಮುದ್ರದ ತಳವೂ ಬಹುಪಾಲು ಅದರದೇ. ರಾಜ ಅದನ್ನು ಮಾರುವಂತಿಲ್ಲ, ಅದರ ಲಾಭ ಮುಟ್ಟುವಂತಿಲ್ಲ. ಸಿಂಹಾಸನ ಬಿಟ್ಟರೆ ಆಸ್ತಿ ಅವರ ಜೊತೆ ಹೋಗುವುದೂ ಇಲ್ಲ. ಹಾಗಾಗಿ ‘ಅವರದೇ ಆಸ್ತಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪೀಠದ ಆಸ್ತಿ ಬೇರೆ, ಮನೆಯ ಆಸ್ತಿ ಬೇರೆ.

ಈಗ ಲೆಕ್ಕಕ್ಕೆ ಬನ್ನಿ. ಕ್ರೌನ್ ಎಸ್ಟೇಟಿನ ಎರಡು ವರ್ಷ ಹಿಂದಿನ ಲಾಭದಲ್ಲಿ ಶೇ. 15ರಷ್ಟು ಎಂದು ಮೊದಲು ಗೊತ್ತು ಮಾಡಿದರು. ಮೊದಲ ವರ್ಷ 3.1 ಕೋಟಿ ಪೌಂಡ್ ಆಯಿತು. ಬಕಿಂಗ್‌ಹ್ಯಾಮ್ ಅರಮನೆಯ ಹಳೇ ವೈರಿಂಗ್, ಪೈಪುಗಳನ್ನೆಲ್ಲ ಬದಲಿಸಲು ಹತ್ತು ವರ್ಷಕ್ಕೆ 36.9 ಕೋಟಿ ಪೌಂಡ್ ಬೇಕು ಎಂದಾಗ ಅದನ್ನು ಶೇ. 25 ಮಾಡಿದರು. ಅಷ್ಟರಲ್ಲಿ ಸಮುದ್ರದಲ್ಲಿ ಗಾಳಿ ವಿದ್ಯುತ್ ಘಟಕ ಹಾಕುವ ಕಂಪನಿಗಳಿಂದ ಕ್ರೌನ್ ಎಸ್ಟೇಟಿಗೆ ಹಣ ಸುರಿಯತೊಡಗಿತು, ಲಾಭ 110 ಕೋಟಿ ಪೌಂಡ್ ಮುಟ್ಟಿತು. ಆಗ ಶೇ. 12ಕ್ಕೆ ಇಳಿಸಿದರು. ಇಳಿಸಿದರೂ ಅನುದಾನ 8.63 ಕೋಟಿಯಿಂದ 2025–26ರಲ್ಲಿ 13.21 ಕೋಟಿ ಪೌಂಡಿಗೆ ಏರಿತು. ಇದರಲ್ಲಿ ದೊಡ್ಡ ಪಾಲು ಅರಮನೆ ರಿಪೇರಿಗೆ ಎಂದು ಅಲ್ಲಿನ ಸರ್ಕಾರ ಹೇಳುತ್ತದೆ, ಅದು ಸರಿಯೇ.

ನನ್ನ ತಕರಾರು ರಿಪೇರಿಯ ಬಗ್ಗೆ ಅಲ್ಲ. ಗಾಳಿ ಜೋರಾಗಿ ಬೀಸುವ ಕಡಲಲ್ಲಿ ಕಂಪನಿಗಳು ಜಾಗ ಹಿಡಿದವು ಎಂಬ ಕಾರಣಕ್ಕೆ ರಾಜನ ಕೆಲಸದ ಖರ್ಚು ಯಾಕೆ ಹೆಚ್ಚಾಗಬೇಕು? ಎರಡಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ವಿಷಯ: ಆ ಕಾನೂನಿನ ಪ್ರಕಾರ ಅನುದಾನ ಹಿಂದಿನ ವರ್ಷಕ್ಕಿಂತ ಕಡಿಮೆ ಆಗುವಂತಿಲ್ಲ. ಎಸ್ಟೇಟಿನ ಲಾಭ ಏರಿದರೆ ಇದೂ ಏರುತ್ತದೆ, ಲಾಭ ಇಳಿದರೆ ಇದು ಇಳಿಯುವುದಿಲ್ಲ. ಆಸ್ಪತ್ರೆಗೂ ಶಾಲೆಗೂ ಸಿಗದ ಈ ಭದ್ರತೆ ಅರಮನೆಗೆ ಸಿಕ್ಕಿರುವುದು ನನಗೆ ಖಂಡಿತ ತಪ್ಪು ಅನ್ನಿಸುತ್ತದೆ. ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಬೇಕು ಎಂದು ಪ್ರತಿವರ್ಷ ಪಾರ್ಲಿಮೆಂಟಿನ ಮುಂದೆ ಬಂದು ಕೇಳಲಿ, ಸದಸ್ಯರು ಚರ್ಚೆ ಮಾಡಿ ಕೊಡಲಿ.

ಲೆಕ್ಕ ಮುಚ್ಚಿಡುತ್ತಾರೆ ಎಂದು ಮಾತ್ರ ಹೇಳಲಾಗದು. ಪ್ರತಿವರ್ಷ ವರದಿ ಪ್ರಕಟಿಸುತ್ತಾರೆ, ಸರ್ಕಾರಿ ಆಡಿಟ್ ಆಗುತ್ತದೆ, ದುಬಾರಿ ಪ್ರಯಾಣಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾರೆ. ಖರ್ಚು ಜಾಸ್ತಿ ಎಂದು ರಾಜಮನೆತನದ ಪ್ರತ್ಯೇಕ ರೈಲನ್ನು 2027ರೊಳಗೆ ನಿಲ್ಲಿಸುವುದಾಗಿ 2025ರಲ್ಲಿ ಘೋಷಿಸಿದರು. ಆದರೆ ಪೊಲೀಸ್ ಭದ್ರತೆಯ ಖರ್ಚು ಈ ಲೆಕ್ಕದಲ್ಲಿ ಬರುವುದಿಲ್ಲ, ಅದನ್ನು ಹೇಳುವುದೂ ಇಲ್ಲ.

ಇದರ ಹೊರಗೆ ಎರಡು ಡಚಿಗಳಿವೆ, ಅಂದರೆ ಎರಡು ದೊಡ್ಡ ಜಹಗೀರು. ಲ್ಯಾಂಕಾಸ್ಟರಿನದು ರಾಜನಿಗೆ, ಕಾರ್ನ್‌ವಾಲಿನದು ಯುವರಾಜನಿಗೆ. ಎರಡನೆಯದು 1337ರಿಂದ ಇದೆ. 2023–24ರಲ್ಲಿ ಎರಡೂ ಸೇರಿ ಸುಮಾರು 5 ಕೋಟಿ ಪೌಂಡ್ ಆದಾಯ ಬಂತು. ಕಂಪನಿಗಳು ಕಟ್ಟುವ ತೆರಿಗೆಯನ್ನು ಈ ಡಚಿಗಳು ಕಟ್ಟುವುದಿಲ್ಲ. ಆದಾಯ ತೆರಿಗೆಯನ್ನು ರಾಜ ಕಟ್ಟುತ್ತಾರೆ, ಆದರೆ ತಾವಾಗಿ ಒಪ್ಪಿಕೊಂಡು ಕಟ್ಟುವುದು, ಕಾನೂನಿನ ಒತ್ತಾಯದಿಂದ ಅಲ್ಲ. ಅದೂ 1993ರಿಂದ ಮಾತ್ರ. 1992ರ ನವೆಂಬರಿನಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ರಿಪೇರಿ ಖರ್ಚನ್ನು ಸರ್ಕಾರ ಕೊಡುತ್ತದೆ ಎಂದಾಗ ಜನ ಸಿಟ್ಟಿಗೆದ್ದರು. ಆಮೇಲೆ ರಾಣಿ ತೆರಿಗೆ ಕಟ್ಟಲು ಶುರು ಮಾಡಿದರು, ಬಕಿಂಗ್‌ಹ್ಯಾಮ್ ಅರಮನೆಯ ಬಾಗಿಲು ತೆರೆದು ರಿಪೇರಿಯ ಬಹುಪಾಲು ಖರ್ಚನ್ನು ಟಿಕೆಟ್ ಹಣದಿಂದ ತುಂಬಿಸಿದರು. ಜನ ಕೇಳಿದ್ದರಿಂದ ಆದ ಬದಲಾವಣೆ ಇದು. ಕೇಳದಿದ್ದರೆ ಆಗುತ್ತಿರಲಿಲ್ಲ.

ಆಂಡ್ರ್ಯೂ ಅವರ ಬಾಡಿಗೆ ಒಂದು ಕಾಳುಮೆಣಸು ಅಂತ ಓದಿದೆ. ನಾನು ಶಿರಸಿ ಕಡೆಯವಳು, ಕಾಳುಮೆಣಸಿನ ಬೆಲೆ ನನಗೆ ಗೊತ್ತು. ಇದು ನಿಜವಾ, ಸುಳ್ಳು ಸುದ್ದಿಯಾ?
– ಮುಲುಂಡ್

ನಿಜ. ರಾಯಲ್ ಲಾಡ್ಜ್ ಎಂಬ ದೊಡ್ಡ ಬಂಗಲೆ ಅದು, ಕ್ರೌನ್ ಎಸ್ಟೇಟಿಗೆ ಸೇರಿದ್ದು. 2003ರಲ್ಲಿ ಲೀಸಿಗೆ ಪಡೆಯುವಾಗ ಆಂಡ್ರ್ಯೂ, ಅಂದರೆ ಈಗಿನ ರಾಜನ ತಮ್ಮ, 10 ಲಕ್ಷ ಪೌಂಡ್ ಕೊಟ್ಟರು, ರಿಪೇರಿಗೆ 75 ಲಕ್ಷ ಪೌಂಡ್ ಹಾಕಿದರು. ಆಮೇಲಿನ ಬಾಡಿಗೆ ‘ಕೇಳಿದರೆ ಒಂದು ಕಾಳುಮೆಣಸು’. ಇಂಗ್ಲಿಷ್ ಕಾನೂನಿನಲ್ಲಿ ಕರಾರು ಊರ್ಜಿತ ಆಗಬೇಕಾದರೆ ಏನಾದರೂ ಒಂದು ಕೊಡಲೇಬೇಕು, ಅದಕ್ಕೆ ಹೆಸರಿಗೆ ಇಂಥದ್ದು ಬರೆಯುವ ಪದ್ಧತಿ ಹಳೆಯದು. ಕರಾರು ಕಾನೂನುಬದ್ಧವೇ. ಆದರೆ ಸಾರ್ವಜನಿಕ ಆಸ್ತಿಯ ಬಂಗಲೆ ಇಷ್ಟು ವರ್ಷ ಹೀಗೆ ಹೋಗಿದೆ ಎಂದು ಅಲ್ಲಿನ ಜನರಿಗೆ ವಿವರವಾಗಿ ಗೊತ್ತಾದದ್ದು 2025ರ ಅಕ್ಟೋಬರಿನಲ್ಲಿ. ಅದೇ ತಿಂಗಳ ಕೊನೆಗೆ ರಾಜ ಅವರ ಬಿರುದುಗಳನ್ನು ಹಿಂತೆಗೆದುಕೊಂಡರು, ಮನೆ ಬಿಡುವಂತೆಯೂ ನೋಟಿಸು ಕೊಡಿಸಿದರು. ಬಿರುದು ಹೋದದ್ದಕ್ಕೆ ಕಾರಣ ಬೇರೆಯೇ ಆರೋಪಗಳು, ಅವು ಈ ಅಂಕಣದ ವಿಷಯವಲ್ಲ.

ನಮ್ಮ ಮೈಸೂರು ಮಹಾರಾಜರಿಗೆ ಕೊಡುತ್ತಿದ್ದ ರಾಜಧನ ನಿಲ್ಲಿಸಿದ್ದು ವಚನಭಂಗ ಎಂದು ನನ್ನ ಅಭಿಪ್ರಾಯ. ರಾಜ್ಯವನ್ನೇ ಬಿಟ್ಟುಕೊಟ್ಟವರಿಗೆ ಅಷ್ಟೂ ಮಾಡಬಾರದಾ? ನೀವು ಏನಂತೀರಿ?
– ಮಾಟುಂಗ, ನಿವೃತ್ತ ಬ್ಯಾಂಕ್ ನೌಕರರು

ಸರ್, ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪಲಾರೆ.

ಒಪ್ಪುವುದು ಯಾವುದು ಎಂದರೆ, ವಚನ ಕೊಟ್ಟದ್ದು ನಿಜ. ಸಂವಿಧಾನದ 291ನೇ ವಿಧಿಯಲ್ಲಿ ರಾಜಧನವನ್ನು ಬರೆದೇ ಇಟ್ಟಿದ್ದರು, ಅದಕ್ಕೆ ಆದಾಯ ತೆರಿಗೆಯೂ ಇರಲಿಲ್ಲ. ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ. ಹೈದರಾಬಾದ್ ನಿಜಾಮರಿಗೆ 42 ಲಕ್ಷಕ್ಕೂ ಜಾಸ್ತಿ. ಇನ್ನೊಂದು ತುದಿಯಲ್ಲಿ ಸೌರಾಷ್ಟ್ರದ ಕಟೋಡಿಯಾ ಎಂಬ ಪುಟ್ಟ ಸಂಸ್ಥಾನದ ಒಡೆಯನಿಗೆ ವರ್ಷಕ್ಕೆ 192 ರೂಪಾಯಿ, ತಿಂಗಳಿಗೆ 16 ರೂಪಾಯಿ ಆಯಿತು ನೋಡಿ. ರಾಜರ ಸಂಸಾರ, ಖಾಸಾ ನೌಕರರು, ಅರಮನೆ ನಿರ್ವಹಣೆ, ಮದುವೆ ಮುಂಜಿ ಎಲ್ಲವೂ ಇದರಲ್ಲೇ ಆಗಬೇಕಿತ್ತು. ಇದು ದಾನ ಅಲ್ಲ, ಅಧಿಕಾರ ಬಿಟ್ಟುಕೊಟ್ಟದ್ದಕ್ಕೆ ಕೊಡುವ ಬೆಲೆ ಎಂದು ಸರ್ದಾರ್ ಪಟೇಲರು 1949ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಲವಾಗಿ ವಾದಿಸಿದ್ದರು. ನಮ್ಮ ಮುಂಬಯಿಯಲ್ಲಿ ರೀಡೆವಲಪ್‌ಮೆಂಟಿಗೆ ಖೋಲಿ ಖಾಲಿ ಮಾಡಿಕೊಟ್ಟವರಿಗೆ ಬಿಲ್ಡರ್ ತಿಂಗಳ ಬಾಡಿಗೆ ಕೊಡುವ ಕರಾರು ಇರುತ್ತದಲ್ಲ, ಕಟ್ಟಡ ಏಳುವ ಮೊದಲೇ ಅದನ್ನು ನಿಲ್ಲಿಸಿದರೆ ನಾವು ಸುಮ್ನೆ ಇರುತ್ತೇವಾ? ಆ ಲೆಕ್ಕದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು.

ನಿಲ್ಲಿಸಿದ ರೀತಿಯೂ ಚೆನ್ನಾಗಿರಲಿಲ್ಲ. 1970ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯಲ್ಲಿ ಬಿತ್ತು. ಪರ 149, ವಿರುದ್ಧ 75. ತಿದ್ದುಪಡಿಗೆ ಬೇಕಾದ ಮೂರನೇ ಎರಡರಷ್ಟಕ್ಕೆ ಒಂದು ಮತವೂ ಪೂರ್ತಿ ಕಡಿಮೆ ಇರಲಿಲ್ಲ, ಅಷ್ಟು ಹತ್ತಿರ. ಸದನದಲ್ಲಿ ಸೋತ ಮೇಲೆ ಸರ್ಕಾರ ರಾಷ್ಟ್ರಪತಿಗಳ ಆದೇಶದ ಮೂಲಕ ಎಲ್ಲಾ ರಾಜರ ಮಾನ್ಯತೆಯನ್ನೇ ಒಂದೇ ಏಟಿಗೆ ರದ್ದು ಮಾಡಿಸಿತು. ಮಾಧವರಾವ್ ಸಿಂಧಿಯಾ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು, ನಮ್ಮ ಮುಂಬಯಿಯ ನಾನಿ ಪಾಲ್ಖೀವಾಲಾ ಅವರ ಪರ ವಾದಿಸಿದರು, ಡಿಸೆಂಬರಿನಲ್ಲಿ ಆದೇಶ ಬಿದ್ದುಹೋಯಿತು. ಆಮೇಲೆ 1971ರ ಚುನಾವಣೆ ಗೆದ್ದ ಇಂದಿರಾ ಗಾಂಧಿ ಅದೇ ವರ್ಷದ ಕೊನೆಗೆ 26ನೇ ತಿದ್ದುಪಡಿ ತಂದು ರಾಜಧನವನ್ನು ಪೂರ್ತಿ ತೆಗೆದರು. ಕೊಲ್ಲಾಪುರ ಕಡೆಯ ಕುರುಂದವಾಡದ ರಾಜಮನೆತನದವರು ಇದನ್ನೂ ಪ್ರಶ್ನಿಸಿದ್ದರು. 1993ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿ ಸರಿ ಎಂದಿತು.

ಈಗ ಒಪ್ಪಲಾಗದ ಅರ್ಧ. ಬಿಟ್ಟುಕೊಟ್ಟದ್ದು ಯಾರದನ್ನು, ಸರ್? ಮೈಸೂರು ಸಂಸ್ಥಾನದ ರೈಲು, ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ವಿದ್ಯುತ್, ಭದ್ರಾವತಿ ಕಾರ್ಖಾನೆ, ಇವೆಲ್ಲ ಎದ್ದದ್ದು ರೈತರು ಕಟ್ಟಿದ ಕಂದಾಯದಿಂದ. ಒಡೆಯರು ಆ ದುಡ್ಡನ್ನು ಒಳ್ಳೆಯ ಕೆಲಸಕ್ಕೆ ಹಾಕಿದರು, ಅದಕ್ಕೆ ನನಗೂ ನಿಮ್ಮಷ್ಟೇ ಗೌರವ ಇದೆ, ನಮ್ಮ ಮನೆಯ ದೇವರ ಕೋಣೆ ಪಕ್ಕದಲ್ಲೂ ನಾಲ್ವಡಿಯವರ ಫೋಟೋ ಇದೆ. ಆದರೆ ಮೊಮ್ಮಗ, ಮರಿಮಗ ಹುಟ್ಟಿದ್ದಕ್ಕೇ ತೆರಿಗೆ ಇಲ್ಲದ ದುಡ್ಡು ಹೋಗುತ್ತಿರಬೇಕು ಎಂಬುದು ಪ್ರಜಾಪ್ರಭುತ್ವದಲ್ಲಿ ಹೊಂದುವುದಿಲ್ಲ. ನನ್ನ ಅಭಿಪ್ರಾಯ ಕೇಳಿದಿರಿ, ಹೇಳುತ್ತೇನೆ: ವಚನ ಕೊಡಿಸಿಕೊಂಡ ಆ ತಲೆಮಾರಿಗೆ ಅವರು ಬದುಕಿರುವ ತನಕ ಕೊಟ್ಟು, ಮುಂದಿನವರಿಗೆ ನಿಲ್ಲಿಸಬೇಕಿತ್ತು. ಜಯಚಾಮರಾಜ ಒಡೆಯರು 1974ರಲ್ಲೇ ತೀರಿಕೊಂಡರು. ಅಷ್ಟಕ್ಕೂ ಅವರು ಸುಮ್ನೆ ಕೂತು ತಿಂದವರಲ್ಲ. ರಾಜಪ್ರಮುಖರಾಗಿ, 1956ರಿಂದ ಮೈಸೂರಿನ ರಾಜ್ಯಪಾಲರಾಗಿ, ಆಮೇಲೆ ಮದ್ರಾಸಿನ ರಾಜ್ಯಪಾಲರಾಗಿ ಕೆಲಸ ಮಾಡಿದರು.

ಇನ್ನೊಂದನ್ನು ಹೇಳಿಬಿಡುತ್ತೇನೆ, ನಿಮಗೆ ಇಷ್ಟ ಆಗಬಹುದು. ಲಾಭದಲ್ಲಿ ಇಷ್ಟು ಪಾಲು ರಾಜನಿಗೆ ಎಂಬ ಬ್ರಿಟನ್ನಿನ ಇವತ್ತಿನ ಸೂತ್ರದಂಥದ್ದು ಮೈಸೂರಿನಲ್ಲಿ ಹಿಂದೆಯೇ ಇತ್ತು. 1799ರ ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿ ಒಂದು ಷರತ್ತು ಹಾಕಿತ್ತು. ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡರೆ ಮಹಾರಾಜರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಮತ್ತು ನಿವ್ವಳ ಕಂದಾಯದ ಐದನೇ ಒಂದು ಪಾಲು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು, ಆ ಷರತ್ತಿನಂತೆ ಅವರಿಗೆ ಹಣ ಬಂತು, ಅಧಿಕಾರ ಕೊನೆಗೂ ಬರಲಿಲ್ಲ.

ಯದುವೀರ್ ಒಡೆಯರಿಗೆ ಈಗ ಸರ್ಕಾರದಿಂದ ಎಷ್ಟು ಸಿಗುತ್ತದೆ?
– ವಾಸ್ಕೊ, ಗೋವಾ

ರಾಜರೆಂದು ಏನೂ ಇಲ್ಲ. 2024ರಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದಿದ್ದಾರೆ, ಎಲ್ಲಾ ಸಂಸದರಿಗೆ ಇರುವ ಸಂಬಳವೇ ಅವರಿಗೂ. ಅದು ತಿಂಗಳಿಗೆ 1.24 ಲಕ್ಷ ರೂಪಾಯಿ, ಭತ್ಯೆ ಬೇರೆ. ಈ ಕಡೆಯ ಕೊಲ್ಲಾಪುರದ ಶಾಹು ಛತ್ರಪತಿ, ಸಾತಾರದ ಉದಯನರಾಜೇ ಭೋಸಲೆ ಅವರಿಗೂ ಅಷ್ಟೇ. ಮತ ಕೊಟ್ಟವರಿಗೆ ಕೆಲಸ ಮಾಡಿ ಪಡೆಯುವ ಸಂಬಳ ಅದು. ಬೆಂಗಳೂರು ಅರಮನೆ ಜಾಗದ ಕೋಟಿಗಳ ಸುದ್ದಿಯನ್ನು ಇದರ ಜೊತೆ ಸೇರಿಸಬೇಡಿ. ಅದು ಭೂಮಿ ಯಾರದು, ಪರಿಹಾರ ಎಷ್ಟು ಎಂಬ ಕೋರ್ಟಿನ ವ್ಯಾಜ್ಯ.

ಶನಿವಾರವಾಡೆ ನೋಡಲು ಹೋದಾಗ ನಮ್ಮ ಗೈಡ್ ಒಬ್ಬರು, ಪೇಶ್ವೆಗಳ ಪೆನ್ಶನ್ ನಿಲ್ಲಿಸಿದ್ದೇ 1857ಕ್ಕೆ ಕಾರಣ ಅಂದರು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಯುದ್ಧ ಆಗುತ್ತದಾ?
– ಪಿಂಪ್ರಿ, ಪುಣೆ

ಅದೊಂದೇ ಕಾರಣ ಅಲ್ಲ, ಆದರೆ ಸಣ್ಣ ವಿಷಯವೂ ಅಲ್ಲ. 1818ರಲ್ಲಿ ಎರಡನೇ ಬಾಜಿರಾವ್ ಶರಣಾದಾಗ ಕಂಪನಿ ವರ್ಷಕ್ಕೆ 8 ಲಕ್ಷ ರೂಪಾಯಿ ಪೆನ್ಶನ್ ಗೊತ್ತು ಮಾಡಿ, ಪುಣೆಯಿಂದ ದೂರ, ಕಾನ್ಪುರದ ಹತ್ತಿರದ ಬಿಠೂರಿಗೆ ಕಳಿಸಿತು. ಆ ಕಾಲಕ್ಕೆ ಅದು ಭಾರಿ ಮೊತ್ತ. ಅವರ ಜೊತೆ ಹೋದ ಸಾವಿರಾರು ಜನರ ಅನ್ನವೂ ಅದರಲ್ಲೇ ಇತ್ತು. 1851ರಲ್ಲಿ ಅವರು ತೀರಿಕೊಂಡರು. ದತ್ತುಮಗ ನಾನಾಸಾಹೇಬರಿಗೆ ಡಾಲ್‌ಹೌಸಿಯ ಸರ್ಕಾರ ಪೆನ್ಶನ್ ಕೊಡಲಿಲ್ಲ, ಅದು ಬಾಜಿರಾಯರ ಜೀವಮಾನಕ್ಕೆ ಮಾತ್ರ ಎಂದಿತು. ನಾನಾಸಾಹೇಬರು ಅಜೀಮುಲ್ಲಾ ಖಾನರನ್ನು ಲಂಡನ್ನಿಗೇ ಕಳಿಸಿ ಅಹವಾಲು ಹೇಳಿಸಿದರು, ಆಗಲಿಲ್ಲ. 1857ರಲ್ಲಿ ಇಬ್ಬರೂ ಕಾನ್ಪುರದಲ್ಲಿ ದಂಗೆಯ ಮುಂಚೂಣಿಯಲ್ಲಿದ್ದರು.

ಮಾಟುಂಗದ ಹಿರಿಯರಿಗೆ ಬರೆದ ಉತ್ತರದಲ್ಲಿ ಮುಂದಿನ ತಲೆಮಾರಿಗೆ ನಿಲ್ಲಿಸಬೇಕಿತ್ತು ಎಂದೆ, ಇಲ್ಲಿ ಕಂಪನಿ ಮಾಡಿದ್ದೂ ಅದೇ ಅಲ್ವಾ ಎಂದು ನೀವು ಕೇಳಬಹುದು. ಅಲ್ಲ. ನಮ್ಮಲ್ಲಿ ತೀರ್ಮಾನ ಮಾಡಿದ್ದು ಜನ ಆರಿಸಿದ ಸಂಸತ್ತು, ಉಳಿದ ದುಡ್ಡು ಜನರ ಖಜಾನೆಗೇ ಸೇರಿತು. ಅಲ್ಲಿ ರಾಜ್ಯ ಕಿತ್ತುಕೊಂಡವರೇ ಕರಾರಿಗೆ ತಮಗೆ ಬೇಕಾದ ಅರ್ಥ ಹಚ್ಚಿದರು, ಉಳಿದ ದುಡ್ಡು ಕಂಪನಿಗೆ ಹೋಯಿತು, ಪುಣೆಯ ರೈತನಿಗೆ ಒಂದು ಬಿಡಿಗಾಸೂ ಬರಲಿಲ್ಲ.

ಫೋಂಡಾದ ನಾಗೇಶಿ ಕಡೆ ಒಂದು ಕನ್ನಡ ರಾಜಮನೆತನ ಇತ್ತು, ಪೋರ್ಚುಗೀಸರು ಅವರಿಗೆ ಪೆನ್ಶನ್ ಕೊಡುತ್ತಿದ್ದರು ಎಂದು ಕೇಳಿದ್ದೇನೆ. ಯಾರು ಅವರು?
– ಮಡಗಾಂವ್

ಸ್ವಾದಿ ಅರಸರು, ಅಂದರೆ ಶಿರಸಿ ಪಕ್ಕದ ಸೋಂದೆಯವರು. ನಮ್ಮಲ್ಲಿ ಸೋಂದೆ ಎಂದರೆ ವಾದಿರಾಜರ ಮಠ ಮಾತ್ರ ನೆನಪಿಗೆ ಬರುತ್ತದೆ, ಈ ಅರಸರನ್ನು ಮರೆತೇ ಬಿಟ್ಟಿದ್ದೇವೆ. ಹೈದರಾಲಿ 1763ರ ಸುಮಾರಿಗೆ ಬಿದನೂರು ಹಿಡಿದ ಮೇಲೆ ಸೋಂದೆಯ ಮೇಲೂ ಬಂದ. ಅರಸ ಇಮ್ಮಡಿ ಸದಾಶಿವರಾಯ ಘಟ್ಟ ಇಳಿದು ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯ ಕೇಳಿದ. ಫೋಂಡಾ, ಕಾಣಕೋಣ ಕಡೆಯ ಪ್ರದೇಶಗಳು ಆಗ ಸೋಂದೆಗೆ ಸೇರಿದ್ದವು. ಅವು ಕೊನೆಗೆ ಪೋರ್ಚುಗೀಸರ ಪಾಲಾದವು, ಅರಸನಿಗೆ ರಕ್ಷಣೆ ಮತ್ತು ವರ್ಷಾಶನ ಸಿಕ್ಕಿತು. ಮನೆತನ ನಾಗೇಶಿ ಹತ್ತಿರ ಬಾಂದೋಡೆಯಲ್ಲಿ ನೆಲೆಸಿತು. ಹಾಗೆ ನೋಡಿದರೆ ಇವತ್ತಿನ ಗೋವಾದ ದೊಡ್ಡ ಭಾಗದ ಹಿಂದೆ ಒಂದು ಪೆನ್ಶನ್ ಕರಾರು ಇದೆ. ಮುಂದಿನ ಸಲ ನಾಗೇಶಿ ದೇವಸ್ಥಾನಕ್ಕೆ ಹೋದಾಗ ಆ ಕಡೆ ಒಮ್ಮೆ ಹೋಗಿ ಬನ್ನಿ, ಸೋಂದೆಯ ಹೆಸರು ಅಲ್ಲಿ ಇನ್ನೂ ಬದುಕಿದೆ.

ದುಡ್ಡು ಬೇಡ ಅಂದ ರಾಜಕುಮಾರಿ ಯಾರಾದರೂ ಇದ್ದಾರಾ? ನನ್ನ ಮಗಳು ಒಂಬತ್ತನೇ ಕ್ಲಾಸು, ಅವಳ ಪ್ರಶ್ನೆ.
– ಠಾಣೆ

ಇದ್ದಾರೆ, ಪುಟ್ಟೀ! ನೆದರ್‌ಲ್ಯಾಂಡ್ಸಿನ ಅಮಾಲಿಯಾಗೆ 2021ರಲ್ಲಿ 18 ತುಂಬಿತು. ಅಲ್ಲಿನ ಕಾನೂನಿನಂತೆ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಸಿಗಬೇಕಿತ್ತು. ನಾನಿನ್ನೂ ಓದುತ್ತಿದ್ದೇನೆ, ಇದಕ್ಕೆ ತಕ್ಕ ಕೆಲಸ ಮಾಡುತ್ತಿಲ್ಲ, ಹಾಗಾಗಿ ಈಗ ಬೇಡ ಎಂದು ಪ್ರಧಾನಿಗೆ ಪತ್ರ ಬರೆದಳು. ನನಗೆ ಆ ಹುಡುಗಿ ತುಂಬಾ ಇಷ್ಟ. ಅದೇ ವರ್ಷ ಜಪಾನಿನ ಮಾಕೊ, ಸಾಮಾನ್ಯರೊಬ್ಬರನ್ನು ಮದುವೆಯಾಗಿ ರಾಜಮನೆತನ ಬಿಡುವಾಗ, ಸಿಗಬೇಕಿದ್ದ ಸುಮಾರು 15 ಕೋಟಿ ಯೆನ್ ಬೇಡ ಎಂದಳು. ಸ್ವೀಡನ್ನಿನ ರಾಜ 2019ರಲ್ಲಿ ಐದು ಮೊಮ್ಮಕ್ಕಳನ್ನು ಅಧಿಕೃತ ರಾಜಮನೆತನದಿಂದ ಹೊರಗಿಟ್ಟರು, ಅವರು ದೊಡ್ಡವರಾದ ಮೇಲೆ ತಮ್ಮ ದುಡಿಮೆಯಲ್ಲೇ ಬದುಕಬೇಕು. ಸ್ಪೇನಿನ ರಾಜ ಫೆಲಿಪೆ 2020ರಲ್ಲಿ ಸ್ವಂತ ಅಪ್ಪನ ಭತ್ಯೆಯನ್ನೇ ನಿಲ್ಲಿಸಿದರು. ಅಪ್ಪನ ವಿದೇಶಿ ಹಣದ ಸುದ್ದಿ ಹೊರಬಂದಿತ್ತು. ಅಲ್ಲಿ ರಾಜನ ಸಂಬಳ ಎಷ್ಟೆಂದು ಪ್ರಕಟಿಸುತ್ತಾರೆ, ಯಾರು ಬೇಕಾದರೂ ನೋಡಬಹುದು. ನನಗೆ ಕೇಳಿದರೆ ಇದೇ ಸರಿಯಾದ ದಾರಿ.

ಗೇಟ್‌ವೇ ಖರ್ಚಿನ ಬಗ್ಗೆ ಬರೆದಿದ್ದಿರಿ. ರಾಜ ಬಂದಾಗ ಅದು ಇರಲೇ ಇಲ್ಲ ಎಂದು ನನ್ನ ತಮ್ಮ ವಾದಿಸುತ್ತಾನೆ. ಮುಂಬಯಿಯಿಂದ ಬ್ರಿಟನ್ ರಾಜನಿಗೆ ನೇರವಾಗಿ ಎಷ್ಟು ಹಣ ಹೋಗುತ್ತಿತ್ತು?
– ಕಾಂದಿವಲಿ

ನಿಮ್ಮ ತಮ್ಮ ಹೇಳಿದ್ದು ಸರಿ. ಕಮಾನಿನ ಮೇಲ್ಭಾಗದಲ್ಲಿ ಕೆತ್ತಿದ ಅಕ್ಷರಗಳನ್ನು ತಲೆ ಎತ್ತಿ ಓದಿ. ಐದನೇ ಜಾರ್ಜ್ ಮತ್ತು ರಾಣಿ ಮೇರಿ 1911ರ ಡಿಸೆಂಬರ್ 2ರಂದು ಇಲ್ಲಿ ಬಂದಿಳಿದ ನೆನಪಿಗೆ ಎಂದಿದೆ, ಇಸವಿಯನ್ನು ರೋಮನ್ ಅಂಕಿಯಲ್ಲಿ ಕೊಟ್ಟಿದ್ದಾರೆ. ಅವರು ನೋಡಿದ್ದು ರಟ್ಟಿನ ಮಾದರಿ ಮಾತ್ರ. ಕಲ್ಲಿನ ಕಟ್ಟಡ ಮುಗಿದದ್ದು 1924ರಲ್ಲಿ, ಖರ್ಚು 21 ಲಕ್ಷ ರೂಪಾಯಿ, ಬಹುಪಾಲು ಕೊಟ್ಟದ್ದು ಭಾರತ ಸರ್ಕಾರ. ಅಂದರೆ ನಮ್ಮ ಅಜ್ಜ ಮುತ್ತಜ್ಜಂದಿರ ತೆರಿಗೆ. ಬಂದು ಹೋದವರು ಅತಿಥಿಗಳು, ಖರ್ಚು ಇಲ್ಲಿನವರದು.

ನೇರವಾಗಿ ಹೋಗುತ್ತಿದ್ದ ಹಣ ಕೇಳಿದಿರಿ. 1661ರಲ್ಲಿ ಪೋರ್ಚುಗಲ್ಲಿನ ಕ್ಯಾಥರೀನಳ ಮದುವೆಯ ಕರಾರಿನಲ್ಲಿ ಮುಂಬಯಿ ವರದಕ್ಷಿಣೆಯಾಗಿ ಎರಡನೇ ಚಾರ್ಲ್ಸನಿಗೆ ಬಂತು. ಅವನಿಗೆ ಈ ದ್ವೀಪಗಳನ್ನು ನೋಡಿಕೊಳ್ಳುವುದು ಖರ್ಚಿನ ಬಾಬತ್ತಾಯಿತು. 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ, ಬಾಡಿಗೆ ವರ್ಷಕ್ಕೆ 10 ಪೌಂಡ್ ಚಿನ್ನದಲ್ಲಿ. ಕಂಪನಿ ಅವನಿಗೆ 50,000 ಪೌಂಡ್ ಸಾಲವನ್ನೂ ಕೊಟ್ಟಿತು, ಶೇ. 6ರ ಬಡ್ಡಿಗೆ. ರಾಜನಿಗೆ ಆಗ ಬೇಕಾಗಿದ್ದದ್ದು ಆ ಸಾಲ.